ಹಿಮದಂಗಳದ ಕೂಗಿಗೊಂದು ಕಟ್ಟಳೆ

ನ್ಯೂಯಾರ್ಕ್ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗಗನಚುಂಬಿ ಕಟ್ಟಡಗಳ ಮಹಾನಗರ. ಆದರೆ ಅದೇ ಹೆಸರಿನ ವಿಶಾಲ ರಾಜ್ಯವೊಂದು ಆ ನಗರದ ಬೆನ್ನ ಹಿಂದೆ, ವಾಯವ್ಯಕ್ಕೆ ಬಹುದೂರ ಹಬ್ಬಿಕೊಂಡಿದೆ. ನಗರವನ್ನು ಬಿಟ್ಟು ನಾಲ್ಕೈದು ಗಂಟೆ ರಸ್ತೆಯಲ್ಲಿ ಸಾಗಿದರೆ ಕೈಬೆರಳುಗಳಂತೆ ನೀಳವಾಗಿ ಚಾಚಿದ ಹನ್ನೊಂದು ಸರೋವರಗಳ ನಾಡು ಸಿಗುತ್ತದೆ. ಅದರ ಹೆಸರೂ ‘ಫಿಂಗರ್ ಲೇಕ್ಸ್’ ಎಂದೇ. ಅವುಗಳಲ್ಲಿ ಅತ್ಯಂತ ಉದ್ದವಾದ ಕಯೂಗಾ ಸರೋವರದ ದಕ್ಷಿಣ ತುದಿಯಲ್ಲಿ ಇಥಾಕಾ ಎಂಬ ಸಣ್ಣ ಪಟ್ಟಣವಿದೆ. ಸರೋವರದ ಹೆಸರು ಆ ನೆಲದ ಮೂಲನಿವಾಸಿಗಳಾದ ಕಯೂಗಾ ಜನರದು. ಪಟ್ಟಣದ ಹೆಸರು ಗ್ರೀಕ್ ಮಹಾಕವಿ ಹೋಮರನ ನಾಯಕ ಒಡಿಸ್ಸಿಯಸ್ ಆಳಿದ ದ್ವೀಪದ್ದು. ಪಟ್ಟಣದ ಪೂರ್ವಕ್ಕಿರುವ ಗುಡ್ಡದ ನೆತ್ತಿಯಲ್ಲಿ 1865ರಲ್ಲಿ ಸ್ಥಾಪಿತವಾದ ಕಾರ್ನೆಲ್ ವಿಶ್ವವಿದ್ಯಾಲಯವಿದೆ. ಅದರ ಎರಡೂ ಪಾರ್ಶ್ವಗಳಲ್ಲಿ ಹೊಳೆಗಳು ಬಂಡೆಯನ್ನು ಕೊರೆದು ಆಳವಾದ ಕಮರಿಗಳನ್ನು ನಿರ್ಮಿಸಿವೆ. ಬೇಸಗೆಯಲ್ಲಿ ಜಲಪಾತಗಳನ್ನು ನೋಡಲು ಬರುವ ಪ್ರವಾಸಿಗರು ಬಹಳ. ಚಳಿಗಾಲದಲ್ಲಿ ಅದೇ ಜಲಪಾತಗಳು ಹೆಪ್ಪುಗಟ್ಟಿ ಬಂಡೆಗೆ ಅಂಟಿಕೊಂಡ ಬಿಳಿಯ ಜಡೆಗಳಂತೆ ತೂಗುತ್ತವೆ. ಆಗ ಊರಿಗೆ ಊರೇ ಮೌನವಾಗಿದೆಯೆಂದು ತೋರುತ್ತದೆ.

ಆ ಮೌನದ ನಡುವೆಯೂ ಒಂದು ಕಟ್ಟಡ ಮಾತ್ರ ಗರ್ಜಿಸುತ್ತಿರುತ್ತದೆ. ಅದು ಲೈನಾ ರಿಂಕ್. ಹಿಮಗಡ್ಡೆಯ ಮೇಲೆ ಹಾಕಿ ಆಡುವ ಒಳಾಂಗಣ.

ನಮ್ಮ ಕಡೆಯಲ್ಲಿ ಹಾಕಿ ಎಂದರೆ ಹುಲ್ಲಿನ ಮೇಲೋ ಮಣ್ಣಿನ ಮೇಲೋ ಆಡುವ ಆಟ. ಕೊಡಗಿನ ಮನೆತನಗಳು ಬೇಸಗೆಯಲ್ಲಿ ಹಬ್ಬದಂತೆ ಆಡುವ ಹಾಕಿಯನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಐಸ್ ಹಾಕಿ ಬೇರೆಯೇ ಆಟ. ಸುಮಾರು 61 ಮೀಟರ್ ಉದ್ದ, 26 ಮೀಟರ್ ಅಗಲದ ಹಿಮದ ಹಾಸು. ಸುತ್ತಲೂ ಹಲಗೆಯ ಗೋಡೆ, ಅದರ ಮೇಲೆ ಪಾರದರ್ಶಕ ಫಲಕ. ಪ್ರತಿ ತಂಡದಲ್ಲಿ ಏಕಕಾಲಕ್ಕೆ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್. ಕಾಲಿಗೆ ಉಕ್ಕಿನ ಅಲಗಿನ ಬೂಟು, ಕೈಯಲ್ಲಿ ಬಾಗಿದ ಕೋಲು. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ತೂಕ 156ರಿಂದ 170 ಗ್ರಾಂ. ಬಲವಾಗಿ ಹೊಡೆದರೆ ಅದು ಗಂಟೆಗೆ 150 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರಬಲ್ಲುದು. ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ.

ಕಾರ್ನೆಲ್ಲಿನ ವಿದ್ಯಾರ್ಥಿಗಳು ಮೊದಲಿಗೆ ಈ ಆಟವನ್ನು ಆಡುತ್ತಿದ್ದುದು ಬಯಲಿನಲ್ಲಿ. ಹೊಳೆಗೆ ಕಟ್ಟೆ ಕಟ್ಟಿದ್ದರಿಂದ ಉಂಟಾದ ಬೀಬಿ ಸರೋವರ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಅದೇ ಅವರ ಮೈದಾನ. ಚಳಿ ಸಾಲದಿದ್ದರೆ ಹಿಮ ತೆಳುವಾಗುತ್ತಿತ್ತು, ಪಂದ್ಯ ನಿಲ್ಲುತ್ತಿತ್ತು. ನಿಸರ್ಗದ ಮರ್ಜಿಯನ್ನು ನೆಚ್ಚಿಕೊಂಡ ಆ ತಂಡ 1940ರ ದಶಕದ ಕೊನೆಗೆ ಆಟವನ್ನೇ ಕೈಬಿಡಬೇಕಾಯಿತು. 1957ರಲ್ಲಿ ಲೈನಾ ರಿಂಕ್ ತೆರೆದ ಬಳಿಕವೇ ಹಾಕಿಗೆ ಮರುಜೀವ ಬಂದದ್ದು. ಮುಂದಿನ ಹದಿಮೂರು ವರ್ಷಗಳೊಳಗೆ ಆ ತಂಡ 1967 ಮತ್ತು 1970ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. 1967ರ ತಂಡದ ಗೋಲ್‌ಕೀಪರ್ ಕೆನ್ ಡ್ರೈಡನ್ ಮುಂದೆ ವೃತ್ತಿಪರ ಹಾಕಿಯ ದಂತಕಥೆಯಾದವನು. 1970ರಲ್ಲಿ ನೆಡ್ ಹಾರ್ಕ್ನೆಸ್ ತರಬೇತಿಯಲ್ಲಿ ಆಡಿದ 29 ಪಂದ್ಯಗಳಲ್ಲಿ 29ನ್ನೂ ಆ ತಂಡ ಗೆದ್ದಿತು. ಒಂದು ಸೋಲಿಲ್ಲ, ಒಂದು ಸಮಬಲವಿಲ್ಲ. ಆ ವರ್ಷಗಳಲ್ಲೇ ಪ್ರೇಕ್ಷಕರೂ ಒಂದು ಪಂಥದಂತೆ ರೂಪುಗೊಂಡರು. ಅವರನ್ನು ಇಂದಿಗೂ ‘ಲೈನಾ ಫೇಯ್ತ್‌ಫುಲ್’, ಎಂದರೆ ಲೈನಾದ ನಿಷ್ಠಾವಂತರು ಎಂದೇ ಕರೆಯುತ್ತಾರೆ. ಋತುವಿನ ಟಿಕೇಟಿಗಾಗಿ ಹಗಲು ರಾತ್ರಿ ಸಾಲಿನಲ್ಲಿ ಕಾದು ಮಲಗುತ್ತಿದ್ದ ವಿದ್ಯಾರ್ಥಿಗಳ ಕಥೆಗಳನ್ನು ಅಲ್ಲಿನ ಹಿರಿಯರು ಇಂದೂ ಹೇಳುತ್ತಾರೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಈಗ ಅಲ್ಲಿ ಸಂಶೋಧನೆಯಲ್ಲಿ ತೊಡಗಿರುವ ನನ್ನ ಸೋದರಳಿಯನೊಡನೆ ನಾನು ಆ ಅಂಗಳವನ್ನು ಹೊಕ್ಕೆ. ಹೊರಗೆ ಕೊರೆಯುವ ಚಳಿ. ಒಳಗೂ ಹಿಮದ ತಂಪು. ಆದರೆ ಮೈಯನ್ನು ಮೊದಲು ತಟ್ಟಿದ್ದು ಚಳಿಯಲ್ಲ, ಸದ್ದು. ನಾಲ್ಕು ಸಾವಿರಕ್ಕೆ ಸ್ವಲ್ಪ ಹೆಚ್ಚು, ಸರಿಯಾಗಿ ಹೇಳುವುದಾದರೆ 4,267 ಜನರಿಗೆ ಮಾತ್ರ ಸ್ಥಳವಿರುವ ಆ ಕಟ್ಟಡದಲ್ಲಿ ವಿದ್ಯಾರ್ಥಿಗಳ ಭಾಗದಲ್ಲಿ ಯಾರೂ ಕೂರುವುದಿಲ್ಲ. ಆಟ ಮುಗಿಯುವವರೆಗೆ ನಿಂತೇ ಇರುತ್ತಾರೆ. ಎಲ್ಲೋ ಮಧ್ಯದಿಂದ ದನದ ಕೊರಳಗಂಟೆಯ ನಾದ ಒಂದು ಲಯದಲ್ಲಿ ಹೊರಟಿತು. ಗಂಟೆ ನಿಲ್ಲುವಲ್ಲಿ ಸಾವಿರ ಕಂಠಗಳು ಉತ್ತರ ಕೊಟ್ಟವು. ಪಶುಪಾಲನೆಯನ್ನೂ ಕೃಷಿಯನ್ನೂ ಕಲಿಸುವ ವಿಶ್ವವಿದ್ಯಾಲಯಕ್ಕೆ ಇದಕ್ಕಿಂತ ಒಪ್ಪುವ ವಾದ್ಯ ಬೇರೆ ಇಲ್ಲ ಎನ್ನಿಸಿತು.

“ಮಾವ, ಇಲ್ಲಿ ಗಂಟಲು ತಂದವರಿಗೆ ತಡೆಯಿಲ್ಲ, ತುತ್ತೂರಿ ತಂದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೆ” ಎಂದು ಅಳಿಯ ನಕ್ಕ. ಆ ಮಾತಿನೊಳಗೆ ಒಂದು ದೊಡ್ಡ ವಿಚಾರವೇ ಅಡಗಿತ್ತು.

ಅಲ್ಲಿನ ಪ್ರೇಕ್ಷಕರ ಆಚರಣೆಗಳು ಬಹಳ. ಎದುರಾಳಿ ಆಟಗಾರರ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಓದುವಾಗ ವಿದ್ಯಾರ್ಥಿಗಳು ದಿನಪತ್ರಿಕೆಯನ್ನು ಮುಖದ ಮುಂದೆ ಬಿಡಿಸಿ ಹಿಡಿಯುತ್ತಾರೆ. ‘ನಿಮ್ಮ ಪರಿಚಯ ನಮಗೆ ಬೇಸರ’ ಎಂಬುದು ಅದರ ತಾತ್ಪರ್ಯ. ರಾಷ್ಟ್ರಗೀತೆಯಲ್ಲಿ ಕೆಂಪು ಎಂಬ ಅರ್ಥದ ಪದ ಬಂದಾಗ ಆ ಒಂದು ಪದವನ್ನಷ್ಟೇ ಎಲ್ಲರೂ ಒಟ್ಟಾಗಿ ಕೂಗುತ್ತಾರೆ, ಏಕೆಂದರೆ ಕೆಂಪು ತಮ್ಮ ತಂಡದ ಬಣ್ಣ. ತಮ್ಮವರು ಗೋಲು ಹೊಡೆದಾಗ ಎದುರಾಳಿ ಗೋಲ್‌ಕೀಪರನತ್ತ ಬೆರಳು ತೋರಿ ‘ಜರಡಿ! ಜರಡಿ!’ ಎಂದು ಅವರ ಭಾಷೆಯಲ್ಲಿ ಹಂಗಿಸುತ್ತಾರೆ. ಜರಡಿಯಲ್ಲಿ ನೀರು ನಿಲ್ಲದಂತೆ ಇವನ ಕೈಯಲ್ಲಿ ಪಕ್ ನಿಲ್ಲದು ಎಂಬ ಕುಚೋದ್ಯ ನಮ್ಮ ಹಳ್ಳಿಯ ಅಡುಗೆಮನೆಯಿಂದ ಬಂದಂತಿದೆ.

ಇಷ್ಟು ಸಣ್ಣ ಕಟ್ಟಡದಲ್ಲಿ ಇಷ್ಟು ದೊಡ್ಡ ಸದ್ದು ಹೇಗೆ ಹುಟ್ಟುತ್ತದೆ? ಇದಕ್ಕೆ ಉತ್ತರ ಕಾರ್ನೆಲ್ಲಿನ ಬದ್ಧ ಪ್ರತಿಸ್ಪರ್ಧಿಯಾದ ಹಾರ್ವರ್ಡ್ ವಿಶ್ವವಿದ್ಯಾಲಯದಿಂದಲೇ ಬಂದಿದೆ ಎಂಬುದು ಸ್ವಾರಸ್ಯದ ಸಂಗತಿ. 1895ರಲ್ಲಿ ಹಾರ್ವರ್ಡಿನ ಒಂದು ಹೊಸ ಉಪನ್ಯಾಸ ಭವನದಲ್ಲಿ ಮಾತು ಪ್ರತಿಧ್ವನಿಸಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸವನ್ನು ವ್ಯಾಲೇಸ್ ಸಬೀನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕನಿಗೆ ಒಪ್ಪಿಸಿದರು. ಆತ ಇನ್ನೊಂದು ರಂಗಮಂದಿರದ ಆಸನಗಳ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ವಾದ್ಯದ ಕೊಳವೆಯೊಂದನ್ನು ನುಡಿಸಿ, ಸದ್ದು ಅಡಗಲು ಎಷ್ಟು ಸೆಕೆಂಡು ಬೇಕೆಂದು ಅಳೆದ. ದಿಂಬು ಹೆಚ್ಚಿದಂತೆ ಪ್ರತಿಧ್ವನಿಯ ಆಯುಸ್ಸು ಕಡಿಮೆಯಾಯಿತು. ಮೆತ್ತನೆಯ ವಸ್ತು ಸದ್ದನ್ನು ನುಂಗುತ್ತದೆ, ಗಟ್ಟಿ ಮೇಲ್ಮೈ ಹಿಂದಕ್ಕೆ ಎಸೆಯುತ್ತದೆ. ಎಷ್ಟು ನುಂಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಸಭಾಂಗಣ ಧ್ವನಿಶಾಸ್ತ್ರ ಹುಟ್ಟಿದ್ದು ಹೀಗೆ. ಹಿಮದಂಗಳದಲ್ಲಿ ನೆಲ ಗಟ್ಟಿ ಹಿಮ, ಸುತ್ತಲೂ ಹಲಗೆ ಮತ್ತು ಫಲಕ, ಮೇಲೆ ಚಾವಣಿ. ಹುಲ್ಲಿಲ್ಲ, ಬಯಲಿಲ್ಲ. ಸದ್ದನ್ನು ಹೀರುವುದು ಪ್ರೇಕ್ಷಕರ ಮೈ ಮತ್ತು ಅವರ ದಪ್ಪ ಕೋಟುಗಳು ಮಾತ್ರ. ಕೂಗುವವರೂ ಅವರೇ, ಆ ಕೂಗನ್ನು ಅಷ್ಟಿಷ್ಟು ನುಂಗುವವರೂ ಅವರೇ!

ಸದ್ದಿನ ಇನ್ನೊಂದು ಗಣಿತವನ್ನೂ ಮಕ್ಕಳು ತಿಳಿಯಬೇಕು. ಹತ್ತು ಜನ ಕೂಗುವಲ್ಲಿ ನೂರು ಜನ ಅದೇ ಬಲದಿಂದ ಕೂಗಿದರೆ ಸದ್ದಿನ ಅಳತೆ ಹತ್ತು ಪಟ್ಟಾಗದು. 10 ಡೆಸಿಬೆಲ್ ಮಾತ್ರ ಏರುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾದಂತೆ ಅನಿಸುತ್ತದೆ. ಎಂದರೆ ಮನುಷ್ಯರ ಕಂಠದಿಂದ ಸದ್ದನ್ನು ಏರಿಸಲು ಬಹಳ ಮನುಷ್ಯರು ಬೇಕು. ಸಂಪೀಡಿತ ಗಾಳಿಯ ಡಬ್ಬಿಯೊಂದಕ್ಕೆ ಸಿಕ್ಕಿಸಿದ ಹಾರ್ನ್ ಇದ್ದರೆ ಒಬ್ಬನೇ ಸಾಕು, ನೂರಾರು ಜನರ ಧ್ವನಿಯನ್ನು ಮುಳುಗಿಸಿಬಿಡುತ್ತಾನೆ. ಕಂಠಕ್ಕೆ ಉಸಿರು ತೆಗೆದುಕೊಳ್ಳುವ ವಿರಾಮ ಬೇಕು, ಯಂತ್ರಕ್ಕೆ ದಣಿವಿಲ್ಲ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಪ್ರಶಸ್ತಿ ಪಂದ್ಯಗಳಲ್ಲಿ ಕೃತಕ ಸದ್ದುಸಾಧನ, ಗಾಳಿಹಾರ್ನ್ ಮತ್ತು ವಿದ್ಯುತ್ ಧ್ವನಿವರ್ಧಕಗಳನ್ನು ಪ್ರೇಕ್ಷಕರು ತರುವಂತಿಲ್ಲ. ವಿದ್ಯಾರ್ಥಿಗಳ ವಾದ್ಯವೃಂದಕ್ಕೆ ಸ್ಥಾನವುಂಟು, ಆದರೆ ಅದು ನುಡಿಸುವುದು ಆಟ ನಿಂತಿರುವಾಗ. ಪಕ್ ಹಿಮಕ್ಕೆ ಬಿದ್ದು ಆಟ ಮರಳಿ ಆರಂಭವಾದೊಡನೆ ಕಹಳೆ ತುಟಿಯಿಂದ ಇಳಿಯುತ್ತದೆ. ಯಕ್ಷಗಾನವನ್ನು ಬಲ್ಲ ನಮ್ಮವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ವೀರರಸದ ಪ್ರವೇಶಕ್ಕೆ ಚೆಂಡೆ ಆಕಾಶ ಬಿರಿಯುವಂತೆ ಮೊಳಗಬೇಕು; ವೇಷಧಾರಿ ಅರ್ಥ ಹೇಳತೊಡಗಿದಾಗ ಅದೇ ಚೆಂಡೆ ಸುಮ್ಮನಾಗಬೇಕು. ಸುಮ್ಮನಾಗಲು ಅರಿಯದ ಚೆಂಡೆಯವನನ್ನು ಯಾವ ಭಾಗವತನೂ ಮೆಚ್ಚಲಾರ.

ಈ ಕಟ್ಟಳೆಯ ಹಿಂದೆ ಶಿಷ್ಟಾಚಾರವಷ್ಟೇ ಅಲ್ಲ, ದೇಹರಕ್ಷಣೆಯ ಪ್ರಶ್ನೆಯೂ ಇದೆ. ಈ ಆಟದಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇದೆ. ರೆಫರಿ ಸೀಟಿ ಊದಿದೊಡನೆ ಎಲ್ಲರೂ ನಿಲ್ಲಬೇಕು. ಒಬ್ಬನಿಗೆ ಸೀಟಿ ಕೇಳಿ ಮೈ ಸಡಿಲಿಸಿದ, ಇನ್ನೊಬ್ಬನಿಗೆ ಕೇಳದೆ ಅದೇ ವೇಗದಲ್ಲಿ ಮೈಮೇಲೆ ಬಂದ ಎಂದಿಟ್ಟುಕೊಳ್ಳಿ, ಪರಿಣಾಮವನ್ನು ಊಹಿಸಬಹುದು. ಪ್ರೇಕ್ಷಕನೊಬ್ಬ ಜೇಬಿನಿಂದ ಸೀಟಿ ತೆಗೆದು ಊದಿದರೂ ಅದೇ ಅನಾಹುತ, ಏಕೆಂದರೆ ನಿಜವಾದ ಸೀಟಿಯಾವುದು, ಸುಳ್ಳು ಸೀಟಿಯಾವುದು ಎಂದು ಓಟದ ಮಧ್ಯದಲ್ಲಿ ತಿಳಿಯದು. ಗೋಡೆಯತ್ತ ಮುಖ ಮಾಡಿ ಪಕ್ಕನ್ನು ಬಾಚಿಕೊಳ್ಳುತ್ತಿರುವ ಆಟಗಾರನಿಗೆ ಹಿಂದಿನಿಂದ ಎದುರಾಳಿ ಬರುತ್ತಿರುವುದು ಕಾಣುವುದಿಲ್ಲ. ಜೊತೆಗಾರ ಅಥವಾ ಗೋಲ್‌ಕೀಪರ್ ಕೂಗಿ ಎಚ್ಚರಿಸಿದರಷ್ಟೇ ಅವನು ಭುಜ ತಿರುಗಿಸಿ ಹೊಡೆತ ತಪ್ಪಿಸಿಕೊಂಡಾನು. ಅವಧಿ ಮುಗಿದುದನ್ನೂ ಗೋಲು ಆದುದನ್ನೂ ತಿಳಿಸಲು ಗೋಲುಪೆಟ್ಟಿಗೆಯ ಹಿಂದೆ ಹಸಿರು ಮತ್ತು ಕೆಂಪು ದೀಪಗಳನ್ನು ಇಟ್ಟಿದ್ದಾರೆ. ಆದರೆ ‘ನಿನ್ನ ಬೆನ್ನ ಹಿಂದೆ ಒಬ್ಬ ಇದ್ದಾನೆ’ ಎಂದು ಹೇಳುವ ದೀಪವನ್ನು ಯಾರೂ ಕಂಡುಹಿಡಿದಿಲ್ಲ. ಅದಕ್ಕೆ ಗೆಳೆಯನ ಧ್ವನಿಯೇ ಬೇಕು.

ಇಷ್ಟಾದರೂ ‘ಕೃತಕ’ ಎಂಬ ಪದದ ಎಲ್ಲೆ ಎಲ್ಲಿ ಎಂಬ ಪ್ರಶ್ನೆ ಸುಲಭವಾದುದಲ್ಲ. ಚಪ್ಪಾಳೆ ಸಹಜ, ಕಾಲಿನಿಂದ ಹಲಗೆ ತುಳಿಯುವುದೂ ಸಹಜವೆನ್ನೋಣ. ಮನೆಯ ಕೀಲಿಗೊಂಚಲನ್ನು ಅಲ್ಲಾಡಿಸುವುದೋ? ಅಮೆರಿಕದ ಕಾಲೇಜು ಕ್ರೀಡಾಂಗಣಗಳಲ್ಲಿ ಸಾವಿರಾರು ಜನ ಒಟ್ಟಿಗೆ ಕೀಲಿ ಕುಲುಕಿಸುವ ರೂಢಿ ಇದೆ. ಮನೆಗೆ ಬೀಗ ಹಾಕಿ ಬಂದವನ ಜೇಬಿನಿಂದ ಕೀಲಿಯನ್ನು ಯಾವ ಕಾವಲುಗಾರ ಕಿತ್ತುಕೊಂಡಾನು? ದನದ ಗಂಟೆಯ ಪ್ರಶ್ನೆಯಂತೂ ಇನ್ನೂ ತೊಡಕಿನದು. ದಕ್ಷಿಣದ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭಿಮಾನಿಗಳಿಗೆ ಗಂಟೆಯೇ ಕುಲಚಿಹ್ನೆ. ಅವರು ಸೇರಿರುವ ಕ್ರೀಡಾಕೂಟ 1974ರಲ್ಲಿ ಕೃತಕ ಸದ್ದುಸಾಧನಗಳನ್ನು ನಿಷೇಧಿಸಿತು. ಅಭಿಮಾನಿಗಳು ಗಂಟೆಯನ್ನು ಬಿಡಲಿಲ್ಲ, ಕೋಟಿನೊಳಗೆ ಅಡಗಿಸಿ ತಂದರು. ಮೂವತ್ತಾರು ವರ್ಷಗಳ ಹಗ್ಗಜಗ್ಗಾಟದ ಬಳಿಕ 2010ರಲ್ಲಿ ಒಂದು ಒಪ್ಪಂದವಾಯಿತು: ಗಂಟೆ ತರಬಹುದು, ಆಟ ನಿಂತಿರುವಾಗಲೂ ಅಂಕ ಗಳಿಸಿದಾಗಲೂ ಬಾರಿಸಬಹುದು, ಆಟ ಆರಂಭವಾಗುವ ಗಳಿಗೆಯಲ್ಲಿ ನಿಲ್ಲಿಸಬೇಕು, ತಪ್ಪಿದರೆ ವಿಶ್ವವಿದ್ಯಾಲಯವೇ ದಂಡ ತೆರಬೇಕು. ಸಂಪೂರ್ಣ ನಿಷೇಧದಿಂದ ಆಗದ ಕೆಲಸ ಹೊತ್ತುಗೊತ್ತಿನ ನಿಯಮದಿಂದ ಆಗತೊಡಗಿತು. ಪ್ರೀತಿಯ ವಸ್ತುವನ್ನು ಕಿತ್ತುಕೊಂಡರೆ ಜನ ಕಳ್ಳರಾಗುತ್ತಾರೆ. ಅದನ್ನು ಅವರ ಕೈಯಲ್ಲೇ ಬಿಟ್ಟು ಹೊಣೆಯನ್ನೂ ಹೊರಿಸಿದರೆ ಕಾವಲುಗಾರರಾಗುತ್ತಾರೆ.

ಲೈನಾದಲ್ಲಿ ಹೊಣೆಗಾರಿಕೆಯ ಪಾಠವನ್ನು ಕಲಿಸುವುದು ಮೀನು! ನಗಬೇಡಿರಿ. ಹಾರ್ವರ್ಡ್ ತಂಡ ಇಥಾಕಾಕ್ಕೆ ಬಂದಾಗ ಅದು ಹಿಮದ ಮೇಲೆ ಕಾಲಿಡುತ್ತಲೇ ಪ್ರೇಕ್ಷಕರ ಕಡೆಯಿಂದ ಸತ್ತ ಮೀನುಗಳು ಹಾರಿ ಬೀಳುತ್ತವೆ. 1970ರ ದಶಕದಲ್ಲಿ ಹಾರ್ವರ್ಡಿನ ಅಂಗಳದಲ್ಲಿ ಕಾರ್ನೆಲ್ಲಿನ ಕೃಷಿ ಶಿಕ್ಷಣವನ್ನು ಹಂಗಿಸಲು ಅಲ್ಲಿಯವರು ಕೋಳಿಯೊಂದನ್ನು ಹಿಮದ ಮೇಲೆ ಎಸೆದರಂತೆ. ‘ನಾವು ಕೋಳಿಯವರಾದರೆ ನೀವು ಬಾಸ್ಟನ್ ಬಂದರಿನ ಮೀನಿನವರು’ ಎಂಬುದು ಅದಕ್ಕೆ ಇವರ ಪ್ರತ್ಯುತ್ತರ. ಅಂದಿನಿಂದ ಇದು ನಡೆದುಬಂದಿದೆ. ಕೋಟಿನ ತೋಳಿನಲ್ಲಿ ಮೀನು ಬಚ್ಚಿಟ್ಟು ತಂದವರು ಸಿಕ್ಕಿಬಿದ್ದರೆ ಹೊರದಬ್ಬುತ್ತಾರೆ. ಆದರೆ ನಿಜವಾದ ಶಿಕ್ಷೆ ಬೇರೆ ಇದೆ. ಹಿಮದ ಮೇಲೆ ವಸ್ತು ಎಸೆದು ಆಟ ತಡೆದರೆ ರೆಫರಿ ಆತಿಥೇಯ ತಂಡಕ್ಕೇ ಎರಡು ನಿಮಿಷಗಳ ದಂಡ ವಿಧಿಸಬಹುದು. ಆಗ ತಂಡದ ಒಬ್ಬ ಆಟಗಾರ ದಂಡದ ಕಟಕಟೆಯಲ್ಲಿ ಕೂರಬೇಕು. ಉಳಿದ ನಾಲ್ವರು ಐವರ ವಿರುದ್ಧ ಸೆಣಸಬೇಕು. ಮೀನೆಸೆದವನು ಮೇಲೆ ನಿಂತು ಕುಣಿಯುತ್ತಿರುತ್ತಾನೆ. ಅವನು ಪ್ರೀತಿಸುವ ತಂಡ ಕೆಳಗೆ ಅವನ ಸಾಲವನ್ನು ತೀರಿಸುತ್ತಿರುತ್ತದೆ. ಅಭಿಮಾನ ಅತಿಯಾದಾಗ ಅದರ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕಟ್ಟಳೆಗೆ ಸುಲಭವಾಗಿ ನಿಲುಕದ ಇನ್ನೊಂದು ಸಂಗತಿ ಇದೆ. ಹಾರ್ನನ್ನು ಬಾಗಿಲಲ್ಲಿ ಕಿತ್ತುಕೊಳ್ಳಬಹುದು, ಸದ್ದನ್ನು ಡೆಸಿಬೆಲ್ಲಿನಲ್ಲಿ ಅಳೆಯಬಹುದು. ಮಾತಿನ ಮುಳ್ಳನ್ನು ಅಳೆಯುವ ಉಪಕರಣವಿಲ್ಲ. ಜರಡಿ ಎಂದು ಕರೆಸಿಕೊಳ್ಳುವ ಆ ಗೋಲ್‌ಕೀಪರ್ ಹತ್ತೊಂಬತ್ತೋ ಇಪ್ಪತ್ತೋ ವರ್ಷದ ಹುಡುಗ. ಮುಖವಾಡದ ಹಿಂದೆ ಅವನು ಏನು ಅನುಭವಿಸುತ್ತಾನೆಂದು ಮೇಲೆ ನಿಂತವರಿಗೆ ಕಾಣದು. ಜರಡಿ ಎಂಬುದು ಆಟದೊಳಗಿನ ಹಾಸ್ಯ. ಮರುದಿನ ಅವನೇ ನಕ್ಕಾನು. ಆದರೆ ಗುಂಪು ಬಿಸಿಯೇರಿದಾಗ ಹಾಸ್ಯ ಅವಾಚ್ಯಕ್ಕೆ, ಬಣ್ಣಕ್ಕೆ, ಕುಲಕ್ಕೆ, ಮನೆಯವರಿಗೆ ಜಾರಲು ಹೆಚ್ಚು ಹೊತ್ತು ಬೇಕಾಗದು. ಆದುದರಿಂದಲೇ ಅಲ್ಲಿನ ಕಾಲೇಜು ಪಂದ್ಯಗಳಲ್ಲಿ ಜನಾಂಗ, ಲಿಂಗ ಮುಂತಾದವನ್ನು ಹಿಡಿದು ನಿಂದಿಸುವುದು, ಬೆದರಿಸುವುದು ಸಲ್ಲದೆಂಬ ಪ್ರಕಟಣೆಯನ್ನು ಆಟಕ್ಕೆ ಮುನ್ನ ಓದುವ ಪದ್ಧತಿಯುಂಟು. ಓದಿದ ಮಾತ್ರಕ್ಕೆ ಎಲ್ಲರೂ ಪಾಲಿಸುತ್ತಾರೆಂದಲ್ಲ. ಪಕ್ಕದಲ್ಲಿ ನಿಂತ ಗೆಳೆಯ ತೋಳು ಹಿಡಿದು ‘ಸಾಕು’ ಎನ್ನುವುದು ಪ್ರಕಟಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸಾವಿರ ಜನರ ಕೂಗಿನಲ್ಲಿ ತನ್ನ ಕೂಗಿಗೆ ಹೆಸರಿಲ್ಲ ಎಂದುಕೊಳ್ಳುವವನಿಗೆ, ಪಕ್ಕದವನಿಗಾದರೂ ಅದು ಕೇಳಿಸುತ್ತಿದೆ ಎಂಬುದು ನೆನಪಾಗಬೇಕು.

ಪೋಷಕರು ಗಮನಿಸಬೇಕಾದ ಇನ್ನೊಂದು ವಿಷಯ ಕಿವಿಯದು. ಕೆಲಸದ ಸ್ಥಳಗಳಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆಯವರೆಗೆ ಸಹಿಸಬಹುದೆಂದು ಅಮೆರಿಕದ ಆರೋಗ್ಯ ತಜ್ಞರು ಮಿತಿ ಹಾಕಿದ್ದಾರೆ. ಅದಕ್ಕಿಂತ 3 ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧಕ್ಕಿಳಿಯುತ್ತದೆ; 100 ಡೆಸಿಬೆಲ್ ತಲುಪಿದಾಗ ಉಳಿಯುವುದು ಹದಿನೈದು ನಿಮಿಷ ಮಾತ್ರ. ಗಾಳಿಹಾರ್ನನ್ನು ಮಗುವಿನ ಕಿವಿಯ ಪಕ್ಕದಲ್ಲಿ ಊದಿದರೆ ಆಗುವ ಹಾನಿ ಅಂದೇ ತಿಳಿಯದಿರಬಹುದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮರಳಿ ಬೆಳೆಯುವುದಿಲ್ಲ. ಆ ರಾತ್ರಿ ಲೈನಾದಲ್ಲಿ ಪುಟ್ಟ ಮಕ್ಕಳನ್ನು ಎತ್ತಿಕೊಂಡು ಬಂದಿದ್ದ ಕೆಲವು ತಂದೆತಾಯಿಗಳು ಮಕ್ಕಳ ಕಿವಿಗೆ ದಪ್ಪನೆಯ ರಕ್ಷಾಕವಚ ತೊಡಿಸಿದ್ದುದನ್ನು ಕಂಡು ನನಗೆ ಸಂತೋಷವಾಯಿತು. ಮಗು ಬೆಚ್ಚಗೆ ನಿದ್ರಿಸುತ್ತಿತ್ತು. ತಾಯಿ ಗಂಟಲು ಬಿರಿಯುವಂತೆ ಕೂಗುತ್ತಿದ್ದಳು.

ನಮ್ಮ ಶಾಲೆಗಳ ಕ್ರೀಡಾದಿನವೂ ದೂರವಿಲ್ಲ. ಮೈದಾನದ ಮೂಲೆಯಲ್ಲಿ ಪ್ಲಾಸ್ಟಿಕ್ ಪೀಪಿ ಮಾರುವವರು ಬಂದು ನಿಲ್ಲುತ್ತಾರೆ. ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಮೊಳಗುತ್ತದೆ. ಓಟದ ಗೆರೆಯಲ್ಲಿ ಬಾಗಿ ನಿಂತ ಮಗು ಅಧ್ಯಾಪಕರ ಸೀಟಿಗಾಗಿ ಕಿವಿ ನಿಮಿರಿಸಿಕೊಂಡಿರುತ್ತದೆ. ಆ ಒಂದು ಗಳಿಗೆಯಲ್ಲಿ ಹಾಡು ನಿಲ್ಲಲಿ, ಪೀಪಿ ಜೇಬಿಗೆ ಹೋಗಲಿ. ಸೀಟಿಯ ಸದ್ದು ಎಲ್ಲ ಮಕ್ಕಳ ಕಿವಿಗೂ ಒಂದೇ ಕ್ಷಣದಲ್ಲಿ ತಲುಪಲಿ. ಅನಂತರ ನಮ್ಮ ಮಗುವಿನ ಹೆಸರನ್ನೂ ಪಕ್ಕದ ಮನೆಯ ಮಗುವಿನ ಹೆಸರನ್ನೂ ಗಂಟಲು ಒಣಗುವವರೆಗೆ ಕೂಗೋಣ. ಅದಕ್ಕೆ ಯಾವ ಕಟ್ಟಳೆಯ ಅಡ್ಡಿಯೂ ಇಲ್ಲ.